ಓಡಿಹೋದವರ ಚಿಂತೆ ಬಿಡಿ, ಜೊತೆಗೆ ನಡೆದವರನ್ನು ಗಮನಿಸಿ

ಪ್ರಶ್ನೆ: ಮಣಿಪಾಲದ ಮಣ್ಣಪಳ್ಳ ಕೆರೆಯ ಸುತ್ತ ನಾವೊಂದಿಷ್ಟು ಮಂದಿ ಬೆಳಗ್ಗೆ ನಡೆಯಲು ಹೋಗುತ್ತೇವೆ. ನಿವೃತ್ತರೇ ಹೆಚ್ಚು, ಒಬ್ಬರಿಗೆ 74 ವರ್ಷ, ಮಧುಮೇಹವಿದೆ. ಕೊರೊನಾ ಕಾಲದಲ್ಲಿ ಮಾಸ್ಕ್ ಇಲ್ಲದೆ ಏದುಸಿರು ಬಿಡುತ್ತ ಪಕ್ಕದಲ್ಲೇ ಓಡಿಹೋಗುವ ಹುಡುಗರ ಮೇಲೆ ನಮಗೆ ಸಿಟ್ಟು. ದಾರಿ ತುಂಬ ಸಾಲಾಗಿ ನಡೆಯುವ ನಮ್ಮ ಮೇಲೆ ಅವರಿಗೆ ಸಿಟ್ಟು. ಮಾತಿಗೆ ಮಾತು ಬೆಳೆದದ್ದೂ ಉಂಟು. ಈಗಲೂ ಹೊಸ ರೂಪಾಂತರಿಯ ಸುದ್ದಿ ಬಂದಾಗಲೆಲ್ಲ ಅದೇ ಚರ್ಚೆ. ಮುಂದೆ ಇಂಥ ಸಾಂಕ್ರಾಮಿಕ ಬಂದರೆ ಈ ದಾರಿಗಳನ್ನು ಎಲ್ಲರೂ ಹೇಗೆ ಬಳಸಬೇಕು? ಗೇಟಿಗೆ ಬೀಗ ಹಾಕುವುದೇ ಒಳ್ಳೆಯದೇ?
— ಓದುಗರೊಬ್ಬರು, ಮಣಿಪಾಲ

ಉತ್ತರ: ನಿಮ್ಮ ಗುಂಪಿಗೆ ಅಷ್ಟೇನೂ ಹಿತವಾಗದ ಮಾತಿನಿಂದಲೇ ಶುರು ಮಾಡುತ್ತೇನೆ. ಆ ಓಡುವ ಹುಡುಗರಿಂದ ನಿಮಗೆ ಸೋಂಕು ತಗಲುವ ಸಾಧ್ಯತೆ ಬಹಳ ಕಡಿಮೆ ಇತ್ತು. ಪಕ್ಕದಲ್ಲಿ ಹೆಗಲಿಗೆ ಹೆಗಲು ತಾಗಿಸಿಕೊಂಡು, ಮಗಳ ಮದುವೆಯಿಂದ ಹಿಡಿದು ಪೆನ್ಶನ್ ಬಾಕಿಯವರೆಗೆ ಮಾತನಾಡುತ್ತ ಮುಕ್ಕಾಲು ಗಂಟೆ ನಡೆದ ಗೆಳೆಯರಿಂದ ತಗಲುವ ಸಾಧ್ಯತೆ ಅದಕ್ಕಿಂತ ಎಷ್ಟೋ ಪಾಲು ಹೆಚ್ಚು. ಅಪರಿಚಿತರನ್ನು ಕಂಡು ಹೆದರುವುದು, ಪರಿಚಿತರನ್ನು ನಂಬುವುದು ಮನುಷ್ಯ ಸ್ವಭಾವ. ಉಸಿರಿನಿಂದ ಹರಡುವ ವೈರಾಣುವಿಗೆ ಈ ಭೇದ ಗೊತ್ತಿಲ್ಲ.

ಕೊರೊನಾದಂಥ ಸೋಂಕು ಮುಖ್ಯವಾಗಿ ಹರಡುವುದು ನಾವು ಉಸಿರಾಡುವಾಗ, ಮಾತನಾಡುವಾಗ, ಕೆಮ್ಮುವಾಗ ಹೊರಬೀಳುವ ಹನಿಗಳಿಂದ. ದೊಡ್ಡ ಹನಿಗಳು ಹತ್ತಿರದಲ್ಲೇ ಬೀಳುತ್ತವೆ, ಸೂಕ್ಷ್ಮವಾದವು ಗಾಳಿಯಲ್ಲಿ ತೇಲುತ್ತವೆ. ಕಿಟಕಿ ಮುಚ್ಚಿದ ಅಡುಗೆಮನೆಯಲ್ಲಿ ಬಂಗುಡೆ ಹುರಿದರೆ ಅಲ್ಲಿ ಅರ್ಧ ಗಂಟೆ ಕುಳಿತವರ ಅಂಗಿಯೆಲ್ಲ ನಾರುತ್ತದೆ. ಅದೇ ಮನೆಯ ಎದುರಿನ ರಸ್ತೆಯಲ್ಲಿ ಹೋಗುವವರ ಮೂಗಿಗೆ ಒಮ್ಮೆ ಬಡಿದು ಮಾಯವಾಗುತ್ತದೆ. ಸೋಂಕಿನ ಲೆಕ್ಕವೂ ಹೆಚ್ಚುಕಡಿಮೆ ಹೀಗೆಯೇ: ಎಷ್ಟು ಹತ್ತಿರ, ಎಷ್ಟು ಹೊತ್ತು, ಗಾಳಿ ಎಷ್ಟು ಆಡುತ್ತಿದೆ. ಬಯಲಿನಲ್ಲಿ ಮೂರನೆಯದು ಸದಾ ನಮ್ಮ ಪರವಾಗಿರುತ್ತದೆ. ಕರಾವಳಿಯಲ್ಲಂತೂ ಬೆಳಗಿನ ನೆಲಗಾಳಿ, ಮಧ್ಯಾಹ್ನದ ಮೇಲಿನ ಕಡಲಗಾಳಿ ಎರಡೂ ಪುಕ್ಕಟೆ.

ಇದು ಬರೀ ಊಹೆಯಲ್ಲ. 2020ರ ಜನವರಿ ಮತ್ತು ಫೆಬ್ರವರಿಯಲ್ಲಿ ಚೀನಾದಲ್ಲಿ ವರದಿಯಾದ 7,324 ಪ್ರಕರಣಗಳ ವಿವರಗಳನ್ನು ಸಂಶೋಧಕರು ಕೆದಕಿದರು. ಹೊರಾಂಗಣದಲ್ಲೇ ಹರಡಿದ್ದು ಎಂದು ಅವರಿಗೆ ಸಿಕ್ಕಿದ್ದು ಒಂದೇ ಒಂದು ಘಟನೆ. ಅದೂ ಹೇಗೆ ಗೊತ್ತೇ? ವುಹಾನ್‌ನಿಂದ ಮರಳಿದವನೊಬ್ಬನ ಜೊತೆ ಇನ್ನೊಬ್ಬ ಹೊರಗೆ ನಿಂತು ಮಾತನಾಡಿದ್ದ. ಓಡಿಹೋದದ್ದಲ್ಲ, ನಿಂತು ಮಾತನಾಡಿದ್ದು! ಮುಂದೆ 2021ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ಒಂದು ವಿಮರ್ಶೆಯ ಪ್ರಕಾರ ಹೊರಾಂಗಣದಲ್ಲಿ ತಗಲಿದ ಸೋಂಕು ಒಟ್ಟು ಲೆಕ್ಕದ ಶೇಕಡ 10ಕ್ಕಿಂತ ಕಡಿಮೆ. ಒಳಾಂಗಣದಲ್ಲಿ ಹರಡುವ ಸಂಭವ ಸುಮಾರು 19 ಪಟ್ಟು ಹೆಚ್ಚು. ಈ ಸಂಖ್ಯೆಗಳನ್ನು ಅಕ್ಷರಶಃ ಹಿಡಿದುಕೊಳ್ಳಬೇಡಿ. ಹೊರಗೆ ತಗಲಿದ್ದನ್ನು ಪತ್ತೆಹಚ್ಚುವುದೇ ಕಷ್ಟ, ಆಗ ಜನ ಹೊರಗೆ ಬರುತ್ತಿದ್ದದ್ದೂ ಕಡಿಮೆ, ಮುಂದೆ ಬಂದ ಓಮೈಕ್ರಾನ್ ಹರಡುವ ವೇಗವೇ ಬೇರೆ. ಆದರೂ ಲೆಕ್ಕ ಯಾವ ಕಡೆಗೆ ವಾಲಿದೆ ಎನ್ನುವುದರಲ್ಲಿ ಅನುಮಾನವಿಲ್ಲ.

ಹಾಗಾದರೆ ಓಡುವವರ ಮೇಲೆ ಇಷ್ಟೊಂದು ಸಿಟ್ಟು ಎಲ್ಲಿಂದ ಬಂತು? ವಾಟ್ಸ್ಆ್ಯಪ್‌ನಿಂದ ಎಂದು ನನ್ನ ಗುಮಾನಿ. 2020ರ ಏಪ್ರಿಲ್‌ನಲ್ಲಿ ಬೆಲ್ಜಿಯಂ ಮತ್ತು ನೆದರ್ಲೆಂಡ್ಸಿನ ಎಂಜಿನಿಯರುಗಳ ಒಂದು ಕಂಪ್ಯೂಟರ್ ಚಿತ್ರ ಜಗತ್ತಿನಾದ್ಯಂತ ಹರಿದಾಡಿತು. ಮುಂದೆ ಓಡುವವನ ಬಾಯಿಂದ ಬಣ್ಣದ ಹನಿಗಳು ಮೋಡದಂತೆ ಹಿಂದಕ್ಕೆ ಹಾರಿ ಹಿಂದಿನವನ ಮೈಮೇಲೆ ಬೀಳುವ ಚಿತ್ರ ಅದು. ನಡೆಯುವವರ ಹಿಂದೆ ನಾಲ್ಕೈದು ಮೀಟರ್, ಓಡುವವರ ಹಿಂದೆ ಹತ್ತು ಮೀಟರ್ ಅಂತರವಿರಲಿ ಎಂದು ಅವರು ಹೇಳಿದ್ದರು. ಹನಿಗಳು ಹೇಗೆ ಚಲಿಸುತ್ತವೆ ಎನ್ನುವ ಲೆಕ್ಕವಾಗಿ ಅದು ಸರಿ. ಅದರಿಂದ ಯಾರಿಗಾದರೂ ಕಾಯಿಲೆ ಬಂತೇ ಎನ್ನುವುದನ್ನು ಆ ಅಧ್ಯಯನ ನೋಡಿರಲೇ ಇಲ್ಲ. ಚಿತ್ರ ಮಾತ್ರ ಎಲ್ಲರ ಕಣ್ಣಲ್ಲಿ ಅಚ್ಚೊತ್ತಿ ಕುಳಿತಿತು.

ನೀವೇ ಒಂದು ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ನೋಡಿ. ನಿಮ್ಮ ನಡಿಗೆ ಗಂಟೆಗೆ 5 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಹಿಂದಿನಿಂದ 10 ಕಿಲೋಮೀಟರ್ ವೇಗದಲ್ಲಿ ಓಡಿ ಬಂದ ಹುಡುಗ ನಿಮ್ಮ ಎರಡು ಮೀಟರ್ ಹಿಂದಿನಿಂದ ಎರಡು ಮೀಟರ್ ಮುಂದಕ್ಕೆ ಹೋಗಲು ಬೇಕಾದದ್ದು ಸುಮಾರು ಮೂರು ಸೆಕೆಂಡು. ಎದುರಿನಿಂದ ನಡೆದು ಬಂದವರು ನಿಮ್ಮನ್ನು ದಾಟಲು ಒಂದೂವರೆ ಸೆಕೆಂಡು. ಆದರೆ ನಿಮಗಿಂತ ಕೊಂಚ ಮಾತ್ರ ಚುರುಕಾಗಿ, ಐದೂವರೆ ಕಿಲೋಮೀಟರ್ ವೇಗದಲ್ಲಿ ನಡೆಯುವವರು ನಿಮ್ಮನ್ನು ಹಿಂದಿಕ್ಕಲು ಸುಮಾರು ಅರ್ಧ ನಿಮಿಷ ಬೇಕು. ಇನ್ನು ಜೊತೆಗೇ ನಡೆಯುವ ಗೆಳೆಯರದು ಮುಕ್ಕಾಲು ಗಂಟೆ, ಅಂದರೆ 2,700 ಸೆಕೆಂಡು.

ಈ ಲೆಕ್ಕದಿಂದ ಇನ್ನೊಂದು ಸಂಗತಿಯೂ ಹೊರಬೀಳುತ್ತದೆ. ಸಾಂಕ್ರಾಮಿಕದ ದಿನಗಳಲ್ಲಿ ಹಲವು ದೇಶಗಳ ಪಾರ್ಕುಗಳಲ್ಲಿ ನೆಲದ ಮೇಲೆ ಬಾಣದ ಗುರುತು ಹಾಕಿ, ಎಲ್ಲರೂ ಒಂದೇ ದಿಕ್ಕಿನಲ್ಲಿ ಪ್ರದಕ್ಷಿಣೆ ಬರುವಂತೆ ಮಾಡಿದರು. ನೋಡಲು ಶಿಸ್ತಾಗಿ ಕಾಣುತ್ತದೆ. ಆದರೆ ಒಂದೂವರೆ ಸೆಕೆಂಡಿನ ಎದುರುಬದುರು ಭೇಟಿಯನ್ನು ತಪ್ಪಿಸಲು ಹೋಗಿ, ಒಂದೇ ವೇಗದವರು ಒಬ್ಬರ ಬೆನ್ನಿಗೊಬ್ಬರು ಇಡೀ ಸುತ್ತು ನಡೆಯುವ ಪರಿಸ್ಥಿತಿಯನ್ನು ತಂದುಕೊಂಡಂತಾಯಿತು. ಮಲ್ಪೆಯ ಸೀ ವಾಕ್‌ನಂಥ ಹೋಗಿ ಬರಲು ಒಂದೇ ದಾರಿ ಇರುವಲ್ಲಿ ಅದು ಸಾಧ್ಯವೂ ಇಲ್ಲ. ಗಡಾಯಿಕಲ್ಲಿನ ಮೆಟ್ಟಿಲುಗಳಂಥ ಕಿರಿದಾದ, ಕಡಿದಾದ ಜಾಗದಲ್ಲಿ ನೂಕುನುಗ್ಗಲು ತಪ್ಪಿಸಲು ಸರದಿಯ ಮೇಲೆ ಹತ್ತಿಳಿಯುವುದು ಬೇರೆ ಮಾತು. ಅಲ್ಲಿ ವೈರಾಣುವಿಗಿಂತ ಕಾಲು ಜಾರುವ ಭಯ ದೊಡ್ಡದು. ಕೆರೆಯ ಸುತ್ತಿನ ದಾರಿಗೆ ಬಾಣ ಬೇಡ. ಬೇಕಾದದ್ದು ಇಷ್ಟೇ: ನಿಮ್ಮಷ್ಟೇ ವೇಗದವರ ಬೆನ್ನಿಗೆ ಅಂಟಿಕೊಂಡು ನಡೆಯಬೇಡಿ. ಒಂದೋ ಬೇಗ ದಾಟಿ ಹೋಗಿ, ಇಲ್ಲವೇ ಬಗ್ಗಿ ಶೂ ಲೇಸು ಕಟ್ಟಿಕೊಳ್ಳುವ ನೆಪ ಮಾಡಿ ಅವರನ್ನು ಮುಂದೆ ಬಿಡಿ.

ಇನ್ನು ದಾರಿ ಬಿಡುವ ಜಗಳ. ನಮ್ಮೂರಿನವರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಗದ್ದೆಯ ಕಟ್ಟಪುಣಿಯಲ್ಲಿ, ಅಂದರೆ ಕಿರಿದಾದ ಬದುವಿನ ಮೇಲೆ, ಇಬ್ಬರು ಎದುರಾದರೆ ತಲೆಯ ಮೇಲೆ ಹೊರೆ ಇದ್ದವರಿಗೆ ದಾರಿ. ಬರಿಗೈಯವರು ಬದಿಗೆ ಕಾಲಿಡುತ್ತಾರೆ. ಯಾರು ದೊಡ್ಡವರು, ಯಾರು ಮೊದಲು ಬಂದವರು ಎಂಬ ಪ್ರಶ್ನೆಯೇ ಏಳುವುದಿಲ್ಲ. ಯಾರಿಗೆ ಸರಿಯುವುದು ಸುಲಭವೋ ಅವರು ಸರಿಯುತ್ತಾರೆ. ವಾಕಿಂಗ್ ದಾರಿಗೂ ಇದಕ್ಕಿಂತ ಒಳ್ಳೆಯ ನಿಯಮ ನನಗೆ ತೋಚುವುದಿಲ್ಲ. ಊರುಗೋಲು ಹಿಡಿದವರು, ತಳ್ಳುಗಾಡಿಯಲ್ಲಿ ಮಗುವನ್ನು ಕರೆತಂದವರು, ಗಾಲಿಕುರ್ಚಿಯವರು ತಮ್ಮ ಗೆರೆಯಲ್ಲೇ ಹೋಗಲಿ. ಓಡುವ ಹುಡುಗ ಅಗಲವಾಗಿ ಬಳಸಿಕೊಂಡು ಹೋಗಲಿ, ಅವನ ಕಾಲಿನಲ್ಲಿ ಶಕ್ತಿ ಇದೆ. ನೀವು ನಾಲ್ಕು ಜನ ಸಾಲಾಗಿ ನಡೆಯುತ್ತಿದ್ದರೆ, ಅವನ ಹೆಜ್ಜೆಯ ಸದ್ದು ಕೇಳಿದಾಗ ಎರಡು ಸಾಲಾಗಿ, ಕಿರಿದಾದ ಕಡೆ ಒಂದೇ ಸಾಲಾಗಿ. ಇಷ್ಟು ದಿನ ಅವನು ನಿಮ್ಮ ಭುಜ ಸವರಿಕೊಂಡು ಹೋಗುತ್ತಿದ್ದದ್ದು ಕೊಬ್ಬಿನಿಂದಲ್ಲ, ಬೇರೆ ಜಾಗವೇ ಇಲ್ಲದೆ ಎಂಬ ಸಂಗತಿಯನ್ನೂ ಸ್ವಲ್ಪ ಯೋಚಿಸಿ.

ಓಡುವವರಿಗೂ ಸೈಕಲ್ಲಿನವರಿಗೂ ನನ್ನದೊಂದು ತಕರಾರಿದೆ. ಹಿಂದಿನಿಂದ ಸದ್ದಿಲ್ಲದೆ ಬರಬೇಡಿ. ಹತ್ತು ಹೆಜ್ಜೆ ದೂರದಲ್ಲೇ ‘ಬಲಗಡೆಯಿಂದ ಬರುತ್ತಿದ್ದೇನೆ’ ಎಂದು ಹೇಳಿ, ಇಲ್ಲವೇ ಬೆಲ್ ಬಾರಿಸಿ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡವರು ಒಂದು ಕಿವಿಯನ್ನಾದರೂ ದಾರಿಗೆ ಬಿಟ್ಟಿರಲಿ. ಬೆಚ್ಚಿಬಿದ್ದ ಹಿರಿಯರು ಯಾವ ಕಡೆಗೆ ಹಾರುತ್ತಾರೆ ಎಂದು ಹೇಳಲು ಬರುವುದಿಲ್ಲ. ಸೊಂಟದ ಮೂಳೆ ಮುರಿದರೆ ಆ ವಯಸ್ಸಿನಲ್ಲಿ ಅದು ಯಾವ ಸೋಂಕಿಗೂ ಕಡಿಮೆಯಲ್ಲ. ಮಳೆಗಾಲದಲ್ಲಿ ದಾರಿಯ ಅಂಚಿನ ಮುರಕಲ್ಲು ಪಾಚಿಗಟ್ಟಿರುತ್ತದೆ, ಹುಲ್ಲಿನೊಳಗೆ ಕೊಳಕುಮಂಡಲ ಮಲಗಿರಬಹುದು. ಆರು ಅಡಿ ಅಂತರ ಕಾಯಲು ಹೋಗಿ ನೋಡದೆ ಪೊದೆಗೆ ಕಾಲಿಡುವುದು ಬುದ್ಧಿವಂತಿಕೆಯಲ್ಲ. ಮೂರು ಸೆಕೆಂಡಿನ ಮಟ್ಟಿಗೆ ಮುಖ ಆಚೆ ತಿರುಗಿಸಿದರೂ ಸಾಕು.

ಆರು ಅಡಿಯ ಮಾತು ಬಂತಲ್ಲ. ಭಾರತ ಎರಡು ಗಜ ಎಂದಿತು, ವಿಶ್ವ ಆರೋಗ್ಯ ಸಂಸ್ಥೆ ಒಂದು ಮೀಟರಾದರೂ ಇರಲಿ ಎಂದಿತು. ಎರಡೂ ಜನರಿಗೆ ನೆನಪಿಡಲು ಸುಲಭವಾದ ಅಳತೆಗಳೇ ಹೊರತು ಅಲ್ಲಿಗೆ ಬಂದು ವೈರಾಣು ನಿಂತುಬಿಡುವ ಲಕ್ಷ್ಮಣರೇಖೆಯಲ್ಲ. ಬಯಲಿನಲ್ಲಿ ದಾಟಿ ಹೋಗುವವರಿಗೆ ಅಳತೆ ಕೊಂಚ ಹೆಚ್ಚುಕಡಿಮೆಯಾದರೆ ಏನೂ ಆಗದು. ಬೆಂಚಿನ ಮೇಲೆ ಕುಳಿತು ಮಾತಿಗಿಳಿದವರಿಗೆ ಆ ಅಂತರ ನಿಜಕ್ಕೂ ಬೇಕು.

ಮಾಸ್ಕ್ ಬಗ್ಗೆ. ಜೋರಾಗಿ ವ್ಯಾಯಾಮ ಮಾಡುವಾಗ ಮಾಸ್ಕ್ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲೇ ಹೇಳಿತ್ತು. ಒಂಟಿಯಾಗಿ ಸೈಕಲ್ ಹೊಡೆಯುವವರಿಗೆ, ವ್ಯಾಯಾಮ ಮಾಡುವವರಿಗೆ ಮಾಸ್ಕ್ ಕಡ್ಡಾಯವೇನಲ್ಲ ಎಂದು ಕೇಂದ್ರ ಆರೋಗ್ಯ ಸಚಿವಾಲಯವೂ ಆ ವರ್ಷ ಸೆಪ್ಟೆಂಬರಿನಲ್ಲಿ ಸ್ಪಷ್ಟಪಡಿಸಿತ್ತು. ನಮ್ಮ ಹವೆಯಲ್ಲಂತೂ ಕಾರಣ ಕಣ್ಣಿಗೇ ಕಾಣುತ್ತದೆ: ಏಪ್ರಿಲ್ ತಿಂಗಳಲ್ಲಿ ಬಟ್ಟೆಯ ಮಾಸ್ಕ್ ಹಾಕಿಕೊಂಡು ಚುರುಕಾಗಿ ನಡೆಯಿರಿ, ಹದಿನೈದು ನಿಮಿಷಕ್ಕೆ ಅದು ಬೆವರಿನಲ್ಲಿ ತೊಯ್ದು ಮೂಗಿಗೆ ಅಂಟಿಕೊಳ್ಳುತ್ತದೆ. ಒದ್ದೆ ಬಟ್ಟೆಯಲ್ಲಿ ಉಸಿರಾಡುವುದು ಕಷ್ಟ, ಸೋಸುವ ಕೆಲಸವೂ ಕೆಡುತ್ತದೆ. ಹಾಗಾಗಿ ಓಡುವ ಹುಡುಗರನ್ನು ಆ ವಿಷಯದಲ್ಲಿ ಬಿಟ್ಟುಬಿಡಿ. ಆದರೆ ಗೇಟಿನ ಬಳಿ, ವಾಹನ ನಿಲ್ಲಿಸುವಲ್ಲಿ, ಶೌಚಾಲಯದಲ್ಲಿ, ಜನ ಗುಂಪುಗೂಡುವ ತಿರುವಿನಲ್ಲಿ ಹಾಕಿಕೊಳ್ಳಲು ಅವರ ಕಿಸೆಯಲ್ಲೊಂದು ಮಾಸ್ಕ್ ಇರಲಿ. ನಡಿಗೆಯುದ್ದಕ್ಕೂ ಗಲ್ಲಕ್ಕೆ ಇಳಿಬಿಟ್ಟುಕೊಂಡು, ಎದುರಿಗೆ ಜನ ಕಂಡಾಗ ಬೆವರಿದ ಬೆರಳಿನಿಂದ ಮೇಲಕ್ಕೆಳೆಯುವ ಪದ್ಧತಿಯಿಂದ ಯಾರಿಗೂ ಪ್ರಯೋಜನವಿಲ್ಲ.

ಬೆಂಚು, ಕಂಬಿ, ವ್ಯಾಯಾಮದ ಸಲಕರಣೆಗಳನ್ನು ಮುಟ್ಟುವ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಡಿ. ಸೋಂಕಿರುವ ವಸ್ತುವನ್ನು ಒಮ್ಮೆ ಮುಟ್ಟಿದ್ದರಿಂದ ಕೊರೊನಾ ತಗಲುವ ಸಾಧ್ಯತೆ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 2021ರ ಏಪ್ರಿಲ್‌ನಲ್ಲಿ ಹೇಳಿತು. ಮನೆಗೆ ಹೋಗಿ ಸೋಪು ಹಚ್ಚಿ ಕೈ ತೊಳೆಯಿರಿ, ಮುಗಿಯಿತು. ಎಲೆಯಡಿಕೆ ಹಾಕಿ ದಾರಿ ಬದಿಗೆ ಪಿಚಕ್ಕನೆ ಉಗುಳುವವರ ವಿಷಯ ಮಾತ್ರ ಬೇರೆ. ಸಾರ್ವಜನಿಕ ಸ್ಥಳದಲ್ಲಿ ಉಗುಳುವುದು ದಂಡಾರ್ಹ ಎಂದು 2020ರ ಏಪ್ರಿಲ್‌ನಲ್ಲಿ ಕೇಂದ್ರದ ಆದೇಶವೇ ಬಂದಿತ್ತು. ಸಾಂಕ್ರಾಮಿಕ ಇರಲಿ ಬಿಡಲಿ, ಅಂಥವರಿಗೆ ಮುಲಾಜಿಲ್ಲದೆ ಹೇಳಿ.

ನಿಜವಾದ ಅಪಾಯ ಎಲ್ಲಿದೆ ಎಂದು ಕೇಳಿದರೆ ನಾನು ದಾರಿಯ ಎರಡು ತುದಿಗಳನ್ನು ತೋರಿಸುತ್ತೇನೆ. ಉಡುಪಿಯಿಂದ ಐದು ಜನ ಒಂದೇ ಕಾರಿನಲ್ಲಿ, ಗಾಜು ಏರಿಸಿ ಎ.ಸಿ. ಹಾಕಿಕೊಂಡು ಮಲ್ಪೆಗೆ ಹೋಗುತ್ತಾರೆ. ಕಡಲ ದಂಡೆಯಲ್ಲಿ ಇಳಿದ ಕೂಡಲೇ ಶಿಸ್ತಾಗಿ ಮಾಸ್ಕ್ ಧರಿಸಿ ದೂರ ದೂರ ನಡೆಯುತ್ತಾರೆ. ವಾಪಸು ಬರುವಾಗ ಹೋಟೆಲಿನ ಮೂಲೆಯ ಮೇಜಿನಲ್ಲಿ ಮೊಣಕೈಗೆ ಮೊಣಕೈ ತಾಗುವಂತೆ ಕುಳಿತು ಬನ್ಸ್ ತಿನ್ನುತ್ತಾರೆ. ಗಾಳಿಯಾಡುವಲ್ಲಿ ಎಚ್ಚರ, ಗಾಳಿಯಿಲ್ಲದಲ್ಲಿ ಮೈಮರೆವು! ಸಾಂಕ್ರಾಮಿಕದ ಕಾಲದಲ್ಲಿ ನಡಿಗೆಗೆ ಬೇರೆ ಬೇರೆಯಾಗಿ ಬನ್ನಿ. ಕಾರೇ ಬೇಕೆಂದರೆ ಗಾಜು ಇಳಿಸಿ. ಕಾಫಿಯನ್ನು ಹೊರಗೆ ನಿಂತು ಕುಡಿಯಿರಿ. ಇನ್ನೊಂದು ನಮ್ಮ ಊರಿಗೇ ವಿಶೇಷವಾದದ್ದು: ಜೂನ್ ತಿಂಗಳಲ್ಲಿ ಹಠಾತ್ತನೆ ಮಳೆ ಹೊಡೆದಾಗ ಪಾರ್ಕಿನಲ್ಲಿದ್ದವರೆಲ್ಲ ಓಡಿ ಒಂದೇ ಮಾಡಿನ ಕೆಳಗೆ ಒತ್ತಿ ನಿಲ್ಲುತ್ತಾರೆ. ಮಳೆ ಬಿಡುವುದು ಯಾವಾಗಲೋ! ಕೈಯಲ್ಲೊಂದು ಕೊಡೆ ಇದ್ದರೆ ಈ ತಾಪತ್ರಯವಿಲ್ಲ. ಕೊಡೆ ಬಿಚ್ಚಿ ನಡೆಯುವವರ ನಡುವೆ ಅಂತರವೂ ತಾನಾಗಿಯೇ ಬರುತ್ತದೆ.

ಬೀಗ ಹಾಕುವ ಪ್ರಶ್ನೆಗೆ ನನ್ನ ಉತ್ತರ: ಬೇಡ. 2020ರ ಮಾರ್ಚ್‌ನಲ್ಲಿ ಏನೂ ತಿಳಿಯದ ಸ್ಥಿತಿಯಲ್ಲಿ ಎಲ್ಲವನ್ನೂ ಮುಚ್ಚಿದ್ದನ್ನು ನಾನು ಆಕ್ಷೇಪಿಸುವುದಿಲ್ಲ. ಮೇ ತಿಂಗಳಲ್ಲಿ ರಾಜ್ಯ ಸರಕಾರ ಪಾರ್ಕುಗಳನ್ನು ಮತ್ತೆ ತೆರೆದಾಗ ಬೆಳಗ್ಗೆ 7ರಿಂದ 9, ಸಂಜೆ 5ರಿಂದ 7 ಎಂದು ಸಮಯ ಗೊತ್ತುಮಾಡಿತು. ಉದ್ದೇಶ ಒಳ್ಳೆಯದೇ, ಆದರೆ ಲೆಕ್ಕ ತಿರುಗುಮುರುಗು. ದಿನವಿಡೀ ಹಂಚಿಹೋಗಬಹುದಾಗಿದ್ದ ಜನರನ್ನು ನಾಲ್ಕು ಗಂಟೆಯೊಳಗೆ ತುರುಕಿದಂತಾಯಿತು. ಮುಂದೆ ಅಂಥ ಸಂದರ್ಭ ಬಂದರೆ ನಿಮ್ಮ ಗುಂಪು ನಗರಸಭೆಗೆ ಅರ್ಜಿ ಕೊಡಲಿ: ಗೇಟು ಬೆಳಗ್ಗೆ 5ಕ್ಕೇ ತೆರೆಯಲಿ, ಮಧ್ಯಾಹ್ನವೂ ಮುಚ್ಚದಿರಲಿ, ಇರುವ ಗೇಟುಗಳೆಲ್ಲ ತೆರೆದಿರಲಿ. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ವೇಗದ ವ್ಯಾಯಾಮ ಮಾಡಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರಿಗೆ ಕೊರೊನಾ ಬಂದರೆ ಅಪಾಯ ಹೆಚ್ಚು ಎಂದು ಹೇಳುತ್ತ, ಅದೇ ಕಾಯಿಲೆಗಳನ್ನು ಹತೋಟಿಯಲ್ಲಿಡುವ ನಡಿಗೆಗೆ ಬೀಗ ಜಡಿಯುವುದು ಯಾವ ನ್ಯಾಯ?

ನೀವು ಕೇಳದ ಒಂದು ವಿಷಯವನ್ನೂ ಸೇರಿಸುತ್ತೇನೆ, ಯಾಕೆಂದರೆ ಪಾರ್ಕು ಮುಚ್ಚಿದಾಗ ಜನ ಬೇರೆ ಕಡೆ ಹೋಗುತ್ತಾರೆ. ಕೋಡಿ ಬೆಂಗ್ರೆಯಂಥ ಜಾಗ, ಒಂದು ಕಡೆ ಹೊಳೆ, ಒಂದು ಕಡೆ ಕಡಲು, ನಡುವೆ ಚೂರು ನೆಲ. ಪೇಟೆಯವರಿಗೆ ಅದು ವಿಹಾರದ ದಾರಿ. ಅಲ್ಲಿನ ಮೀನುಗಾರರಿಗೆ ಅದೇ ಅಂಗಳ, ಅದೇ ಬಲೆ ಹರವುವ ಜಾಗ, ಅದೇ ಹೆಂಗಸರು ಮೀನು ಒಣಗಿಸುವ ಕಡೆ. ಸಾಂಕ್ರಾಮಿಕದ ಕಾಲದಲ್ಲಿ ಅಲ್ಲಿ ಹತ್ತಾರು ಬೈಕುಗಳು ಬಂದು ನಿಂತರೆ, ಊರವರು ಅಡ್ಡ ನಿಂತು ‘ಯಾಕೆ ಬಂದಿರಿ’ ಎಂದು ಕೇಳಿದರೆ ಅದು ಒರಟುತನವಲ್ಲ. ದೊಡ್ಡ ಆಸ್ಪತ್ರೆಗೆ ಅವರಿಗಿಂತ ನೀವು ಹತ್ತಿರ ಇದ್ದೀರಿ. ಹರವಿದ ಬಲೆಯನ್ನು ತುಳಿಯಬೇಡಿ, ಅಂಗಳದಲ್ಲಿ ಕುಳಿತ ಅಜ್ಜಿಯ ಹತ್ತಿರ ಹೋಗಿ ಫೋಟೋ ತೆಗೆಯಬೇಡಿ, ನೀರನ್ನು ಮನೆಯಿಂದಲೇ ತನ್ನಿ. ಬರಬೇಡಿ ಎಂದರೆ ವಾದಿಸದೆ ಹಿಂದಿರುಗಿ.

ಘಟ್ಟದ ಬುಡದ ಕಾಡುದಾರಿಗಳಿಗೆ ಹೋಗುವವರು ಇನ್ನೊಂದನ್ನು ಮರೆಯಬಾರದು. ಎಲ್ಲ ಜ್ವರವೂ ಕೊರೊನಾ ಅಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣ್ಣೆಗಳ ಕಡಿತದಿಂದ ಬರುತ್ತದೆ. ಚಳಿಗಾಲದಿಂದ ಬೇಸಗೆಯವರೆಗೆ ಅದರ ಕಾಲ. ಉದ್ದ ತೋಳಿನ ಅಂಗಿ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸಿಕ್ಕಿಸಿ, ಮನೆಗೆ ಬಂದು ಬಿಸಿನೀರಿನಲ್ಲಿ ಮಿಂದು ಮೈ ಪರೀಕ್ಷಿಸಿಕೊಳ್ಳಿ. ದಾರಿಯಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಮಳೆಗಾಲದಲ್ಲಿ ಕೆಸರು ನೀರಿನಲ್ಲಿ ನಡೆದವರಿಗೆ ಇಲಿಜ್ವರದ ಭಯ. ಜ್ವರ ಬಂದಾಗ ಸ್ವ್ಯಾಬ್ ಪರೀಕ್ಷೆ ನೆಗೆಟಿವ್ ಬಂತೆಂದು ಸುಮ್ಮನಾಗಬೇಡಿ. ಕಾಡಿಗೆ ಹೋಗಿದ್ದೆ, ಕೆಸರಿನಲ್ಲಿ ನಡೆದಿದ್ದೆ ಎಂದು ವೈದ್ಯರಿಗೆ ನೀವಾಗಿಯೇ ಹೇಳಿ.

ಕೊನೆಯದಾಗಿ ನಿಮ್ಮ 74 ವರ್ಷದ ಗೆಳೆಯರು. ಸೋಂಕು ಏರುತ್ತಿರುವ ವಾರಗಳಲ್ಲಿ ‘ನೀವು ಮನೆಯಲ್ಲೇ ಇರಿ’ ಎಂದು ಅವರಿಗೆ ಬುದ್ಧಿ ಹೇಳುವುದು ಸುಲಭ. ಅದರ ಬದಲು ನೀವು ಗುಂಪನ್ನು ಒಡೆಯಿರಿ: ಎರಡೆರಡು ಜನರ ಜೋಡಿ, ದಿನವೂ ಅದೇ ಜೋಡಿ. ಅವರ ಜೊತೆ ನಡೆಯುವವರು ಮದುವೆ, ಮುಂಜಿ, ಮೀಟಿಂಗ್ ಎಂದು ಹೆಚ್ಚು ತಿರುಗಾಡದವರಾಗಿರಲಿ. ಜನ ಕಡಿಮೆ ಇರುವ ಹೊತ್ತನ್ನು ಅವರೇ ಆರಿಸಿಕೊಳ್ಳಲಿ. ನಿಧಾನ ನಡಿಗೆಯವರಾದ್ದರಿಂದ ಎನ್95 ಮಾಸ್ಕ್ ಅವರಿಗೆ ಅಷ್ಟು ಕಷ್ಟವಾಗದು. ಬೇರೆಯವರು ಹಾಕದಿದ್ದರೂ ಅದು ಹಾಕಿಕೊಂಡವರನ್ನು ಕಾಯುತ್ತದೆ. ಎದೆ ಬಿಗಿದರೆ, ಉಸಿರು ಕಟ್ಟಿದಂತಾದರೆ ಕೂಡಲೇ ತೆಗೆದು ಕುಳಿತುಕೊಳ್ಳಲಿ. ಲಸಿಕೆಯ ಯಾವ ಡೋಸ್ ಬಾಕಿ ಇದೆ ಎಂದು ಅವರ ವೈದ್ಯರನ್ನೇ ಕೇಳಲಿ. ಗುಂಪಿನವರು ಪಾಲಿಸಬೇಕಾದ ನಿಯಮ ಒಂದೇ ಸಾಕು: ಗಂಟಲು ಕೆರೆತ, ನೆಗಡಿ, ಮೈಕೈ ನೋವು ಇದ್ದವರು ಹಿಂದಿನ ರಾತ್ರಿಯೇ ಗುಂಪಿಗೆ ಸಂದೇಶ ಹಾಕಿ ಮರುದಿನ ಬರದೇ ಇರುವುದು. ‘ಸಣ್ಣ ಶೀತ, ಎ.ಸಿ.ಯಲ್ಲಿ ಮಲಗಿದ್ದಕ್ಕೆ’ ಎಂದು ಬೆಳಗ್ಗೆ ಬಂದು ನಿಂತವರನ್ನು ಗೇಟಿನಿಂದಲೇ ವಾಪಸು ಕಳಿಸಿ. ಅವರು ಎಷ್ಟೇ ಹಳೆಯ ಸ್ನೇಹಿತರಾಗಿರಲಿ.